ತಂತಿಯ ತುದಿ ಯಾರ ಕೈಗೆ

ಕಿತ್ತೂರು ಅಂದರೆ ಎಲ್ಲರಿಗೂ ಚೆನ್ನಮ್ಮನ ಕೋಟೆ ನೆನಪಾಗುತ್ತದೆ. ನನಗೆ ಆ ಊರಿನ ಮೇಲೆ ಅಭಿಮಾನ ಇರಲು ಇನ್ನೊಂದು ಕಾರಣವೂ ಇದೆ. ಸಿ-ಡಾಟ್ ತಯಾರಿಸಿದ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ 1986ರ ಜುಲೈನಲ್ಲಿ ಕೂತದ್ದು ಅಲ್ಲಿಯೇ. 128 ಲೈನಿನ ಸಣ್ಣ ಪೆಟ್ಟಿಗೆ. ಪರದೇಶದಿಂದ ತರಿಸುತ್ತಿದ್ದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳಿಗೆ ಏಸಿ ಕೋಣೆ ಬೇಕಿತ್ತು, ಇದಕ್ಕೆ ಬೇಕಿರಲಿಲ್ಲ. ನಮ್ಮ ಧೂಳು, ನಮ್ಮ ಬಿಸಿಲು ತಡೆದುಕೊಳ್ಳುವ ಹಾಗೆ ನಮ್ಮದೇ ದೇಶದ ಎಳೆಯ ಎಂಜಿನಿಯರುಗಳು ಅದನ್ನು ಮಾಡಿದ್ದರು. ಸ್ಯಾಮ್ ಪಿತ್ರೋಡಾ 36 ತಿಂಗಳು, 36 ಕೋಟಿ ರೂಪಾಯಿ ಎಂದು ಮಾತು ಕೊಟ್ಟು 1984ರಲ್ಲಿ ಶುರುಮಾಡಿದ ಸಂಸ್ಥೆ ಈ ಸಿ-ಡಾಟ್.

ಎಕ್ಸ್‌ಚೇಂಜ್ ಬಂದ ಮಾತ್ರಕ್ಕೆ ಮನೆಮನೆಗೆ ಫೋನ್ ಬರಲಿಲ್ಲ. ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಸಾಮಾನ್ಯ ಜನರ ಕೈಗೆ ಫೋನ್ ಸಿಕ್ಕಿದ್ದು ಇನ್ನೊಂದು ತೀರ್ಮಾನದಿಂದ: ಬೀದಿಬದಿಯ ಅಂಗಡಿಯವನೂ ಕರೆ ಮಾರಬಹುದು ಅಂತ ಟೆಲಿಕಾಂ ಇಲಾಖೆ ಒಪ್ಪಿತು. 1885ರ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ದೇಶದ ತಂತಿಯ ಮೇಲಿನ ಹಕ್ಕು ಆಗ ಪೂರ್ತಿ ಸರ್ಕಾರದ್ದಾಗಿತ್ತು. ಆ ಹಕ್ಕಿನ ಒಂದು ಎಳೆಯನ್ನು ಕಮಿಷನ್ ಲೆಕ್ಕದಲ್ಲಿ ನಮ್ಮಂಥವರಿಗೆ ಬಿಟ್ಟುಕೊಟ್ಟರು. ತೊಂಬತ್ತರ ದಶಕದ ಮೊದಲಿಗೆ ನಾನೂ ಧಾರವಾಡದ ಸಪ್ತಾಪುರದಲ್ಲಿ ಹಳದಿ ಬೋರ್ಡು ತೂಗುಹಾಕಿ ಎಸ್‌ಟಿಡಿ ಬೂತ್ ಇಟ್ಟೆ.

ಪ್ಲೈವುಡ್ಡಿನ ಕ್ಯಾಬಿನ್, ಗಾಜಿನ ಬಾಗಿಲು, ಒಳಗೊಂದು ಸ್ಟೂಲು. ಫೋನಿನ ಮೇಲ್ಗಡೆ ಕೆಂಪು ಅಂಕಿಯ ಮೀಟರ್. ಆ ಕಡೆಯವರು ರಿಸೀವರ್ ಎತ್ತಿದ ಕ್ಷಣಕ್ಕೆ ಅದು ಓಡಲು ಶುರು, ಮುಗಿದ ಮೇಲೆ ಕಿರ್ ಅಂತ ಚೀಟಿ ಹೊರಗೆ. ರಾತ್ರಿ ಹೆಚ್ಚು ಹೊತ್ತಾದ ಮೇಲೆ ದರ ಕಾಲು ಭಾಗಕ್ಕೆ ಇಳಿಯುತ್ತಿದ್ದುದರಿಂದ ಹಾಸ್ಟೆಲ್ ಹುಡುಗರ ಪಾಳಿ ರಸ್ತೆಯವರೆಗೂ ಬರುತ್ತಿತ್ತು. "ಇನ್ನೂ ಎಷ್ಟ ಮಂದಿ ಅದಾರ್ರೀ ಮುಂದ?" ಅಂತ ಹಿಂದಿನಿಂದ ಕೇಳುವರು. ಒಳಗಿದ್ದವನ ಮಾತು ತಾಯಿಯ ಜೊತೆ, ಕಣ್ಣು ಮಾತ್ರ ಮೀಟರಿನ ಮೇಲೆ. ಅಂಕಿ ಜೇಬಿನ ದುಡ್ಡಿಗೆ ಹತ್ತಿರ ಬಂದಿತೆಂದರೆ "ಇಡ್ತೀನವಾ" ಅಂತ ಅರ್ಧಕ್ಕೇ ಇಡುತ್ತಿದ್ದ. ದರ ಅನ್ನುವುದು ಮನುಷ್ಯರ ಮಾತನ್ನೇ ಹೇಗೆ ಕತ್ತರಿಸುತ್ತದೆ ಅಂತ ಆ ಗಾಜಿನಾಚೆ ನಿಂತು ನೋಡಿದವನಿಗೆ ಟೆಲಿಕಾಂ ನೀತಿ ದಿಲ್ಲಿಯ ಕಡತದ ವಿಷಯ ಅಂತ ಎಂದೂ ಅನ್ನಿಸುವುದಿಲ್ಲ.

ಇಂಟರ್ನೆಟ್ಟಿನ ಕಥೆಯೂ ಇದೇ ದಾರಿ ಹಿಡಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇರ್ನೆಟ್ ಜಾಲದ ಮೂಲಕ ಎಂಬತ್ತರ ದಶಕದ ಕೊನೆಗೇ ಹೊರಜಗತ್ತಿನ ಜೊತೆ ಮಿಂಚಂಚೆ ನಡೆಸುತ್ತಿತ್ತು. ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಕಂಪನಿಯಾದ ವಿಎಸ್‌ಎನ್‌ಎಲ್ ಒಂದರ ಮೂಲಕವೇ. ಚಿತ್ರ ಕಾಣುವಂಥ ಸಂಪರ್ಕಕ್ಕೆ 250 ಗಂಟೆಗೆ 15,000 ರೂಪಾಯಿ, ವೇಗ 9.6 ಕೆಬಿಪಿಎಸ್. ಗಂಟೆಗೆ 60 ರೂಪಾಯಿ ಆಯಿತು, ಫೋನ್ ಬಿಲ್ ಬೇರೆ. ಸಂಪರ್ಕ ಕೊಡುವ ಕೇಂದ್ರ (ನೋಡ್) ಇಲ್ಲದ ಊರಿನವರು ಅದು ಇದ್ದ ಊರಿಗೆ ಎಸ್‌ಟಿಡಿ ಹಚ್ಚಿ ಜೋಡಿಸಿಕೊಳ್ಳಬೇಕಿತ್ತು. ಆ ಬೆಲೆ ಯಂತ್ರದ ಖರ್ಚಿನಿಂದ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಮಾರುವವನು ಒಬ್ಬನೇ ಇದ್ದದ್ದರಿಂದ ಹುಟ್ಟಿದ್ದು. 1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಲೈಸೆನ್ಸ್ ಕೊಟ್ಟರು, ಮೊದಲ ವರ್ಷಗಳಲ್ಲಿ ಲೈಸೆನ್ಸ್ ಶುಲ್ಕವನ್ನೂ ಕೇಳಲಿಲ್ಲ. ದರ ಮಳೆ ಬಿದ್ದ ಮೇಲಿನ ಬಾವಿಯ ಹಗ್ಗದಂತೆ ತಾನಾಗಿ ಗಿಡ್ಡವಾಯಿತು. ಬೂತಿನ ಪಕ್ಕದ ಕೋಣೆಗೆ ನಾನು ಕಂಪ್ಯೂಟರ್ ತಂದು ಸೈಬರ್ ಸೆಂಟರ್ ಮಾಡಿದ್ದು ಆ ಹೊತ್ತಿಗೆ.

ಈ ನಡುವೆ ದಿಲ್ಲಿಯಲ್ಲಿ ಒಂದು ದೊಡ್ಡ ಜಗ್ಗಾಟ ನಡೆದಿತ್ತು. ಟೆಲಿಕಾಂ ಇಲಾಖೆ ಆಟಗಾರನೂ ಹೌದು, ತೀರ್ಪುಗಾರನೂ ಹೌದು ಅನ್ನುವ ಸ್ಥಿತಿ ತಪ್ಪಿಸಲು 1997ರಲ್ಲಿ, ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದಾಗ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಹುಟ್ಟಿತು. ಮೊದಲ ಅಧ್ಯಕ್ಷರು ನ್ಯಾಯಮೂರ್ತಿ ಎಸ್.ಎಸ್. ಸೋಧಿ. ಸಂಸ್ಥೆ ಇಲಾಖೆಯನ್ನೇ ಎದುರುಹಾಕಿಕೊಂಡಿತು. ಲೈಸೆನ್ಸ್ ವಿಷಯದಲ್ಲಿ ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರ ಅದಕ್ಕಿಲ್ಲ ಅಂತ 1998ರಲ್ಲಿ ದಿಲ್ಲಿ ಹೈಕೋರ್ಟ್ ಹೇಳಿತು. 2000ದ ಜನವರಿಯಲ್ಲಿ ಸುಗ್ರೀವಾಜ್ಞೆ ತಂದು ಇಡೀ ಮಂಡಳಿಯನ್ನೇ ತೆಗೆದು ಹೊಸದಾಗಿ ಕಟ್ಟಿದರು. ವ್ಯಾಜ್ಯಗಳು ಟಿಡಿಸ್ಯಾಟ್ ಎಂಬ ನ್ಯಾಯಮಂಡಳಿಗೆ ಹೋದವು. ದರದ ಮೇಲೆ ಟ್ರಾಯ್‌ಗೆ ಅಧಿಕಾರ ಉಳಿಯಿತು; ಲೈಸೆನ್ಸ್, ನೀತಿಯ ಮೇಲೆ ಸಲಹೆ ಮಾತ್ರ.

ಸಲಹೆ ಮಾತ್ರ ಎಂಬುದರ ಬೆಲೆ 2004ರಲ್ಲಿ ಗೊತ್ತಾಯಿತು. ಆಗ ಬಿಎಸ್‌ಎನ್‌ಎಲ್, ಎಂಟಿಎನ್‌ಎಲ್ ಎರಡೂ ಸೇರಿ ಸುಮಾರು ನಾಲ್ಕು ಕೋಟಿ ಮನೆ-ಅಂಗಡಿಗಳಿಗೆ ತಾಮ್ರದ ತಂತಿ ಎಳೆದಿದ್ದವು. ಆ ತಂತಿಯನ್ನು ಬಾಡಿಗೆಗೆ ಪಡೆದು ಬೇರೆ ಕಂಪನಿಗಳೂ ಬ್ರಾಡ್‌ಬ್ಯಾಂಡ್ ಕೊಡಲಿ ಅಂತ ಟ್ರಾಯ್ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತು. ಅಕ್ಟೋಬರಿನಲ್ಲಿ ಬಂದ ಬ್ರಾಡ್‌ಬ್ಯಾಂಡ್ ನೀತಿ ಅದನ್ನು ಒಪ್ಪಲಿಲ್ಲ. ಹಳ್ಳಿಗೆ ನಷ್ಟದಲ್ಲಿ ಕಂಬ ನೆಟ್ಟ ಲೈನ್‌ಮನ್‌ಗಳ ಸಂಕಟ ನನಗೆ ಗೊತ್ತು. ಜನರ ದುಡ್ಡಿನಲ್ಲಿ ಎಳೆದ ತಂತಿಯನ್ನು ಖಾಸಗಿಯವರಿಗೆ ಪುಕ್ಕಟೆ ಕೊಡಿ ಅಂತ ಯಾರೂ ಹೇಳಬಾರದು. ಆದರೆ ನ್ಯಾಯವಾದ ಬಾಡಿಗೆ ಬಂದಿದ್ದರೆ ಬಿಎಸ್‌ಎನ್‌ಎಲ್ಲೂ ಬದುಕುತ್ತಿತ್ತು, ಪ್ರತಿ ತಾಲ್ಲೂಕಿನಲ್ಲೂ ನಾಲ್ಕಾರು ಸಣ್ಣ ಬ್ರಾಡ್‌ಬ್ಯಾಂಡ್ ಕಂಪನಿಗಳೂ ತಲೆ ಎತ್ತುತ್ತಿದ್ದವು. 256 ಕೆಬಿಪಿಎಸ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಅಂತ ಕರೆದ ಆ ನೀತಿ 2010ಕ್ಕೆ ಎರಡು ಕೋಟಿ ಗ್ರಾಹಕರ ಗುರಿ ಇಟ್ಟಿತ್ತು. ವರ್ಷ ಮುಗಿದಾಗ ಇದ್ದದ್ದು ಸುಮಾರು 1.1 ಕೋಟಿ. ಆ ಆರು ವರ್ಷದಲ್ಲಿ ಕಲಿಕೆಯಿಂದ ಹೊರಗುಳಿದವರ ಲೆಕ್ಕ ಯಾವ ವರದಿಯಲ್ಲೂ ಇಲ್ಲ, ಅದೇ ನನ್ನ ಸಿಟ್ಟು.

ಹೊರಗುಳಿದವರು ನನ್ನಲ್ಲಿಗೆ ಬರುತ್ತಿದ್ದರು. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ನಿಗದಿ ಎಂಬ ಹಳ್ಳಿಯಿಂದ ಒಬ್ಬ ಹುಡುಗ ಬಂದ. ಇಡೀ ಕ್ಲಾಸಿನವರ ರಿಜಿಸ್ಟರ್ ನಂಬರುಗಳನ್ನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಬರೆದುಕೊಂಡಿದ್ದ. ಸೈಟ್ ತೆರೆಯುತ್ತಿರಲಿಲ್ಲ, ಮತ್ತೆ ಮತ್ತೆ ಒತ್ತಿದೆವು. ಒಂದೊಂದೇ ನಂಬರ್ ನಾನು ಓದಿದಂತೆ ಅವನು ಹೆಸರಿನ ಮುಂದೆ ಅಂಕ ಬರೆದ. ತನ್ನದನ್ನು ಕೊನೆಗೆ ಇಟ್ಟಿದ್ದ. ಪಾಸಾಗಿತ್ತು. ಹೊರಡುವ ಮೊದಲು, "ಡಿಪ್ಲೊಮಾಕ್ಕ ಎಲ್ಲೆಲ್ಲಿ ಸೀಟ ಅದಾವ, ಅದನ್ನೂ ನೋಡ್ರಲಾ" ಅಂದ. ಹುಡುಕುತ್ತಾ ಹುಡುಕುತ್ತಾ ಇಬ್ಬರೂ ಕೇಳಿರದ ಒಂದು ಕಾಲೇಜಿನ ಪುಟಕ್ಕೆ ಹೋಗಿ ಮುಟ್ಟಿದೆವು.

2015ರಲ್ಲಿ ಫೇಸ್‌ಬುಕ್ ತನ್ನ 'ಫ್ರೀ ಬೇಸಿಕ್ಸ್' ತಂದು, ಆರಿಸಿದ ಕೆಲವು ಸೈಟುಗಳನ್ನು ಬಡವರಿಗೆ ಉಚಿತವಾಗಿ ತೋರಿಸುತ್ತೇವೆ ಅಂದಾಗ ನನಗೆ ನೆನಪಾದದ್ದು ಆ ಪುಟ. ಯಾರು ಪಟ್ಟಿ ಮಾಡಿದರೂ ಅಂಥ ಕಾಲೇಜಿನ ಪುಟ ಅದರೊಳಗೆ ಬರುವುದಿಲ್ಲ. ಪೇಪರಿನ ತುಂಬ ಜಾಹೀರಾತು ಬಂದವು. ಅದೇ ವರ್ಷದ ಏಪ್ರಿಲ್‌ನಲ್ಲಿ ನೆಟ್ ಸಮಾನತೆಗಾಗಿ ಹತ್ತು ಲಕ್ಷ ಮಿಂಚಂಚೆಗಳು ಟ್ರಾಯ್‌ಗೆ ಹೋಗಿದ್ದವು. 2016ರ ಫೆಬ್ರುವರಿ 8ರಂದು, ಆರ್.ಎಸ್. ಶರ್ಮಾ ಅಧ್ಯಕ್ಷರಾಗಿದ್ದಾಗ, ಯಾವ ಸೈಟ್ ಎಂಬುದನ್ನು ನೋಡಿ ಬೇರೆ ಬೇರೆ ದರ ಹಾಕಬಾರದು ಅಂತ ಟ್ರಾಯ್ ನಿಯಮ ಮಾಡಿತು. ಮುರಿದರೆ ದಿನಕ್ಕೆ 50,000 ರೂಪಾಯಿ ದಂಡ. ದರದ ಅಧಿಕಾರ ಕೈಯಲ್ಲಿ ಇದ್ದುದರಿಂದ ಇದು ಸಲಹೆಯಾಗಿ ಉಳಿಯಲಿಲ್ಲ, ಆಜ್ಞೆಯಾಯಿತು.

ಆ ಸೆಪ್ಟೆಂಬರಿನಲ್ಲಿ ಜಿಯೋ ಬಂತು. 2014ರಲ್ಲಿ ಜಿಬಿಗೆ ಸರಾಸರಿ 269 ರೂಪಾಯಿ ಇದ್ದದ್ದು ಕೆಲವೇ ವರ್ಷದಲ್ಲಿ ಹತ್ತರ ಆಸುಪಾಸಿಗೆ ಇಳಿಯಿತು. ನನ್ನ ಸೈಬರ್ ಸೆಂಟರ್ ಮುಚ್ಚಿತು. ಹುಡುಗರ ಕೈಗೆ ನೆಟ್ ಸಿಕ್ಕಿತಲ್ಲ, ಅದರ ಸಂತೋಷವೇ ದೊಡ್ಡದು. ಆದರೆ ಅದೇ ಓಟದಲ್ಲಿ ಹಲವು ಕಂಪನಿಗಳು ಮುಳುಗಿ ದೊಡ್ಡ ಖಾಸಗಿಯವರು ಮೂವರೇ ಉಳಿದರು. 2024ರ ಜುಲೈನಲ್ಲಿ ಮೂವರೂ ಒಂದೆರಡು ದಿನದ ಅಂತರದಲ್ಲಿ ದರ ಏರಿಸಿದರು. ಜಿಯೋದ 155 ರೂಪಾಯಿಯ ತಿಂಗಳ ಪ್ಲಾನ್ 189 ಆಯಿತು. ಕೂಲಿ ಮಾಡುವ ಮನೆಯಲ್ಲಿ ಮೂರು ಫೋನ್ ಇದ್ದರೆ ಅದು ಸಣ್ಣ ಮೊತ್ತವಲ್ಲ.

ಹಳದಿ ಬೂತಿನ ಪಾಠ ಟ್ರಾಯ್‌ಗೆ ಮರೆತಿರಲಿಲ್ಲ ಅನ್ನುವುದು ಸಮಾಧಾನ. ಕಿರಾಣಿ ಅಂಗಡಿಯವನು, ಚಹಾದಂಗಡಿಯವಳು ಲೈಸೆನ್ಸ್ ಇಲ್ಲದೆ ವೈಫೈ ಮಾರಲಿ, ಎರಡು ರೂಪಾಯಿ, ಐದು ರೂಪಾಯಿ ಲೆಕ್ಕದಲ್ಲಿ ಜನ ಕೊಳ್ಳಲಿ ಅಂತ ಅದು 2017ರಲ್ಲಿ ಹೇಳಿತ್ತು. ಸಂಪುಟ ಒಪ್ಪಿ ಪಿಎಂ-ವಾಣಿ ಎಂದು ಹೆಸರಿಟ್ಟದ್ದು 2020ರ ಡಿಸೆಂಬರಿನಲ್ಲಿ. 2022ರ ಹೊತ್ತಿಗೆ ಒಂದು ಕೋಟಿ ವೈಫೈ ತಾಣಗಳು ಅಂತ ಗುರಿ ಇತ್ತು, ಅದರ ಹತ್ತಿರಕ್ಕೂ ದೇಶ ಹೋಗಲಿಲ್ಲ. ಕಾರಣ ಸರಳ: ಮನೆಯವರಿಗೆ ಕೊಡುವ ಫೈಬರ್ ಸಂಪರ್ಕವನ್ನೇ ಅಂಗಡಿಯವನು ಕೇಳಿದರೆ, ಲೀಸ್ಡ್ ಲೈನ್ ತಗೋ ಅಂತ ಹತ್ತಾರು ಪಟ್ಟು ಹೆಚ್ಚು ದರ ಹೇಳುತ್ತಿದ್ದರು. ಮನೆಯ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳಬಾರದು ಅಂತ ಟ್ರಾಯ್ ಕಟ್ಟುಮಾಡಿದ್ದು 2025ರ ಜೂನ್‌ನಲ್ಲಿ. ಸಪ್ತಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ಅಳಿಯನಿಗೆ ಆ ಆದೇಶ ಓದಿ ಹೇಳಿದೆ. ಕೋಚಿಂಗ್ ಕ್ಲಾಸಿನ ಹುಡುಗರು ದಿನಕ್ಕೆ ಐದು ರೂಪಾಯಿ ಕೊಟ್ಟರೆ ಗಿಟ್ಟುತ್ತದೆಯೇ ಅಂತ ಅವನು ಲೆಕ್ಕ ಹಾಕಿ ನೋಡಿ, ನಲವತ್ತು ಹುಡುಗರು ಸಿಕ್ಕರೆ ಸಾಕು ಅಂದಿದ್ದಾನೆ.