ಮನಸ್ಸಿನ ಶಲ್ಯ

ಶರೀರದೊಳಗೆ ಹೊಕ್ಕು ನಿಂತ ಬಾಣದ ಮೊನೆ, ಮುಳ್ಳು, ಎಲುಬಿನ ಚೂರು ಮೊದಲಾದವನ್ನು ನಮ್ಮ ವೈದ್ಯಶಾಸ್ತ್ರವು ಶಲ್ಯವೆಂದು ಕರೆಯುತ್ತದೆ. ಸುಶ್ರುತಾಚಾರ್ಯರು ಶಸ್ತ್ರವೈದ್ಯದ ಯಂತ್ರಗಳನ್ನು ವಿವರಿಸುವ ಸಂದರ್ಭದಲ್ಲಿ, ಶರೀರಕ್ಕೆ ಮಾತ್ರವಲ್ಲದೆ ಮನಸ್ಸಿಗೂ ಬಾಧೆಯನ್ನುಂಟುಮಾಡುವುದು ಶಲ್ಯವೆಂದು ಲಕ್ಷಣವನ್ನು ಹೇಳಿರುವುದು ಗಮನಾರ್ಹವಾಗಿದೆ. ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರು ಬಳಸುವ ‘ಟ್ರಾಮಾ’ ಎಂಬ ಮಾತೂ ಗ್ರೀಕ್ ಭಾಷೆಯಲ್ಲಿ ಗಾಯವೆಂಬ ಅರ್ಥವುಳ್ಳದ್ದೇ. ಆದರೆ ಮೈಯ ಗಾಯವು ಕಣ್ಣಿಗೆ ಬೀಳುವಂತೆ ಮನಸ್ಸಿನ ಗಾಯವು ಬೀಳದು. ಕಾಣದ ಗಾಯವನ್ನು ಲೋಕವು ಸುಲಭವಾಗಿ ನಂಬುವುದಿಲ್ಲ. ನಂಬದಿದ್ದುದರಿಂದ ಪ್ರಾಣವನ್ನೇ ತೆತ್ತವರೂ ಉಂಟು. ಇಂದು ಚಿಕಿತ್ಸಾ ಮನಶ್ಶಾಸ್ತ್ರದಲ್ಲಿ ಪದವಿ ಪಡೆದ ಎಳೆಯ ವಿದ್ವಾಂಸರು ಆಘಾತ, ಚೇತರಿಕೆಯ ಶಕ್ತಿ, ಬಾಳಿನ ಅರ್ಥ ಎಂಬ ಮೂರು ವಿಷಯಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿ ಸಂಶೋಧನೆ ನಡೆಸುತ್ತಿರುವರು. ಈ ಮೂರು ಹೇಗೆ ಒಂದೆಡೆ ಸೇರಿದವೆಂಬುದರ ಇತಿವೃತ್ತವು ತಿಳಿಯತಕ್ಕದ್ದಾಗಿದೆ.

ಈ ಕಥೆಯ ಆರಂಭವನ್ನು ಉಗಿಬಂಡಿಯ ಕಾಲದಲ್ಲಿ ಕಾಣಬಹುದು. ಇಂಗ್ಲೆಂಡಿನಲ್ಲಿ ರೈಲು ಅಪಘಾತಗಳಿಂದ ಪಾರಾಗಿ ಬಂದ ಕೆಲವರಿಗೆ ಹೊರಗೆ ಗಾಯವೇನೂ ಇಲ್ಲದಿದ್ದರೂ ನಿದ್ರೆ ಬಾರದು, ಕೈಕಾಲು ನಡುಗುವುದು, ಮಾಡುತ್ತಿದ್ದ ಕೆಲಸದಲ್ಲಿ ಮನಸ್ಸು ನಿಲ್ಲದು. ೧೮೬೬ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಎರಿಕ್ಸನ್ ಎಂಬಾತನು ಇದು ಬೆನ್ನುಹುರಿಗೆ ತಗುಲಿದ ಪೆಟ್ಟಿನ ಫಲವೆಂದು ಪ್ರತಿಪಾದಿಸಿದನು. ೧೮೮೩ರಲ್ಲಿ ಹರ್ಬರ್ಟ್ ಪೇಜ್ ಎಂಬ ಮತ್ತೊಬ್ಬ ಶಸ್ತ್ರವೈದ್ಯನು, ಬೆನ್ನುಹುರಿಗೆ ಏನೂ ಆಗದಿದ್ದರೂ ಭಯವೊಂದೇ ಇಷ್ಟನ್ನು ಮಾಡಲು ಸಾಲುವುದೆಂದು ವಾದಿಸಿದನು. ಪರಿಹಾರದ ಹಣಕ್ಕಾಗಿ ನ್ಯಾಯಸ್ಥಾನಗಳಲ್ಲಿ ವ್ಯಾಜ್ಯಗಳು ನಡೆಯುತ್ತಿದ್ದುದರಿಂದ, ನೊಂದವನು ನಿಜವಾಗಿ ನೊಂದಿರುವನೋ ನಟಿಸುತ್ತಿರುವನೋ ಎಂಬ ಸಂಶಯವು ಈ ವಿದ್ಯೆಗೆ ಹುಟ್ಟಿನಿಂದಲೇ ಅಂಟಿಕೊಂಡಿತು.

ಆ ಸಂಶಯವು ಮೊದಲನೆಯ ಮಹಾಯುದ್ಧದಲ್ಲಿ ಘೋರರೂಪವನ್ನು ತಾಳಿತು. ೧೯೧೫ರ ಫೆಬ್ರವರಿಯಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವಿದ್ವಾಂಸನು ‘ಶೆಲ್ ಷಾಕ್’ ಎಂಬ ಹೆಸರನ್ನು ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಪಡಿಸಿದನು. ಮೂಕರಾದವರು, ದೃಷ್ಟಿ ಮಂಕಾದವರು, ಹೆಸರು ಊರುಗಳನ್ನೇ ಮರೆತವರು ರಣರಂಗದಿಂದ ಹಿಂದಕ್ಕೆ ಬರತೊಡಗಿದರು. ಕೆಲವರಿಗೆ ಆಸ್ಪತ್ರೆ ದೊರೆಯಿತು. ಕೆಲವರಿಗೆ ಸೇನಾ ನ್ಯಾಯಾಲಯವು ದೊರೆಯಿತು. ಪಲಾಯನ, ಹೇಡಿತನ ಮುಂತಾದ ಅಪರಾಧಗಳಿಗಾಗಿ ಬ್ರಿಟಿಷ್ ಸೇನೆಯು ಗುಂಡಿಟ್ಟು ಕೊಂದು, ಬಹುಕಾಲದ ಮೇಲೆ ಕ್ಷಮೆಗೆ ಪಾತ್ರರಾದ ಸೈನಿಕರು ೩೦೬ ಮಂದಿ. ಇವರಲ್ಲಿ ಎಲ್ಲರ ಮನಸ್ಸೂ ಮುರಿದಿತ್ತೆಂದು ಹೇಳಲಾಗದು. ಆದರೆ ಮುರಿದವರು ಇವರೊಳಗಿದ್ದರೆಂಬುದು ನಿಸ್ಸಂದೇಹ. ಇವರಿಗೆ ಕ್ಷಮೆಯನ್ನು ನೀಡುವ ಶಾಸನವು ೨೦೦೬ರಲ್ಲಿ ಆಯಿತು. ಮನಸ್ಸಿನ ಗಾಯಕ್ಕೆ ಲೋಕದ ನಂಬಿಕೆಯು ದೊರೆಯಲು ಎಷ್ಟು ಕಾಲ ಹಿಡಿಯಿತೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಇದೇ ಯುದ್ಧದಲ್ಲಿ ಬೇರೊಂದು ಬಗೆಯಾಗಿ ಪ್ರಶ್ನೆಯನ್ನು ಕೇಳಿದವನು ಡಬ್ಲ್ಯು. ಎಚ್. ಆರ್. ರಿವರ್ಸ್. ಈತನು ೧೯೦೧ ಮತ್ತು ೧೯೦೨ರಲ್ಲಿ ನೀಲಗಿರಿಗೆ ಬಂದು ತೋಡ ಜನರ ನಡುವೆ ಇದ್ದು, ಅವರನ್ನು ಕುರಿತು ೧೯೦೬ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದವನು. ಪರರ ಆಚಾರವನ್ನು ಹಳಿಯದೆ ಅವರ ಬಾಯಿಂದಲೇ ಕೇಳಿ ತಿಳಿಯುವ ಅಭ್ಯಾಸವುಳ್ಳ ಈತನು, ೧೯೧೬ರಿಂದ ಎಡಿನ್‌ಬರೋ ನಗರದ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಸೇನಾಧಿಕಾರಿಗಳಿಗೆ ಚಿಕಿತ್ಸೆ ಮಾಡಿದನು. ‘ಕಂಡುದನ್ನು ಮರೆತುಬಿಡಿ’ ಎಂದು ಉಳಿದವರು ಉಪದೇಶಿಸುತ್ತಿದ್ದಾಗ, ಮರೆಯಲು ಮಾಡುವ ಪ್ರಯತ್ನವೇ ರಾತ್ರಿಯ ದುಸ್ಸ್ವಪ್ನಗಳಿಗೆ ಆಹಾರವಾಗುವುದೆಂದು ಈತನು ಕಂಡುಕೊಂಡನು. ೧೯೧೮ರಲ್ಲಿ ಅಚ್ಚಾದ ಈತನ ಉಪನ್ಯಾಸದಲ್ಲಿ ಬರುವ ಎರಡು ದೃಷ್ಟಾಂತಗಳು ಈ ವಿಷಯದ ಮರ್ಮವನ್ನೇ ಹಿಡಿದಿವೆ.

ಒಬ್ಬ ಅಧಿಕಾರಿಯು ಸಿಡಿಗುಂಡಿಗೆ ಸಿಕ್ಕಿ ಛಿದ್ರಛಿದ್ರವಾದ ತನ್ನ ಗೆಳೆಯನ ದೇಹವನ್ನು ಕಂಡಿದ್ದನು. ಆ ನೋಟವು ಪ್ರತಿರಾತ್ರಿಯೂ ಕನಸಾಗಿ ಬಂದು ಅವನನ್ನು ಪೀಡಿಸುತ್ತಿತ್ತು. ದೇಹವು ಅಷ್ಟು ಛಿದ್ರವಾಗಿರಬೇಕಾದರೆ ಗೆಳೆಯನು ಕ್ಷಣಮಾತ್ರದಲ್ಲಿ ಪ್ರಾಣಬಿಟ್ಟಿರಬೇಕು, ನರಳಿ ನರಳಿ ಸತ್ತಿರಲಾರನು ಎಂದು ರಿವರ್ಸ್ ತೋರಿಸಿಕೊಟ್ಟನು. ಕೆಲವು ರಾತ್ರಿ ಕನಸು ಬರಲಿಲ್ಲ. ಆಮೇಲೆ ಬಂದ ಕನಸಿನಲ್ಲಿ ಆ ಅಧಿಕಾರಿಯು ಗೆಳೆಯನ ಪಕ್ಕದಲ್ಲಿ ಮೊಣಕಾಲೂರಿ, ಮನೆಯವರಿಗೆ ಕಳುಹಿಸಲೆಂದು ಅವನ ಒಡವೆ ವಸ್ತುಗಳನ್ನು ತೆಗೆದಿರಿಸುತ್ತಿದ್ದನು. ಎಚ್ಚರವಾದಾಗ ಭಯವಿರಲಿಲ್ಲ, ಕಣ್ಣಲ್ಲಿ ನೀರಿತ್ತು. ನಡೆದ ಸಂಗತಿ ಬದಲಾಗಲಿಲ್ಲ, ಅದರ ಅರ್ಥ ಬದಲಾಯಿತು. ಭಯವಿದ್ದ ಎಡೆಯಲ್ಲಿ ಶೋಕವು ಬಂದಿತು. ಶೋಕವನ್ನಾದರೂ ಮನುಷ್ಯನು ಹೊರಬಲ್ಲನು.

ಇನ್ನೊಬ್ಬನು ಸ್ಫೋಟದ ರಭಸಕ್ಕೆ ಎಸೆಯಲ್ಪಟ್ಟು, ಕೊಳೆತ ಶವವೊಂದರ ಮೇಲೆ ಮುಖವಡಿಯಾಗಿ ಬಿದ್ದಿದ್ದನು. ಇವನ ಅನುಭವದಲ್ಲಿ ಮನಸ್ಸಿಗೆ ಆಧಾರವಾಗಬಲ್ಲ ಅಂಶವೊಂದನ್ನು ರಿವರ್ಸ್ ಹುಡುಕಿದನು, ಒಂದೂ ಸಿಕ್ಕಲಿಲ್ಲ. ಸಿಕ್ಕಲಿಲ್ಲವೆಂಬುದನ್ನು ಮರೆಮಾಚದೆ ಬರೆದನು. ಸೇನೆಯನ್ನು ಬಿಟ್ಟು, ಹಿಂದೆ ತನಗೆ ನೆಮ್ಮದಿಯನ್ನಿತ್ತಿದ್ದ ಪರಿಸರಕ್ಕೆ ಹೋಗಿರುವುದೇ ಅವನಿಗೆ ಲೇಸೆಂದು ನಿಶ್ಚಯವಾಯಿತು. ಎಲ್ಲ ದುಃಖದಲ್ಲಿಯೂ ಅರ್ಥವಿದ್ದೇ ಇರುವುದೆಂದು ರೋಗಿಯ ಮೇಲೆ ಹೇರದಿದ್ದುದು ಈ ವೈದ್ಯನ ದೊಡ್ಡತನ.

ಅರ್ಥವೆಂಬ ಮಾತನ್ನೇ ಚಿಕಿತ್ಸೆಯ ಕೇಂದ್ರದಲ್ಲಿ ನಿಲ್ಲಿಸಿದವನು ವಿಯೆನ್ನಾ ನಗರದ ವೈದ್ಯ ವಿಕ್ಟರ್ ಫ್ರಾಂಕ್ಲ್. ೧೯೦೫ರಲ್ಲಿ ಯೆಹೂದ್ಯ ಕುಟುಂಬದಲ್ಲಿ ಜನಿಸಿದ ಈತನಿಗೆ ಅಮೆರಿಕಾ ದೇಶಕ್ಕೆ ಹೋಗುವ ಅನುಮತಿ ದೊರೆತಿದ್ದರೂ, ವೃದ್ಧ ತಂದೆತಾಯಿಗಳನ್ನು ನಾಜಿಗಳ ಕೈಯಲ್ಲಿ ಬಿಟ್ಟು ಹೋಗಲಾರದೆ ಉಳಿದನು. ೧೯೪೨ರಲ್ಲಿ ಕುಟುಂಬವನ್ನು ಥೆರೇಸಿಯನ್‌ಸ್ಟಾಟ್ ಬಂದಿಶಿಬಿರಕ್ಕೆ ಸಾಗಿಸಿದರು. ತಂದೆಯು ಅಲ್ಲಿಯೇ ತೀರಿಕೊಂಡನು. ತಾಯಿಯನ್ನು ಔಷ್‌ವಿಟ್ಜ್‌ನಲ್ಲಿ ಕೊಂದರು. ಹೆಂಡತಿಯು ಬೆರ್ಗೆನ್ ಬೆಲ್ಸೆನ್‌ನಲ್ಲಿ ಮಡಿದಳು. ಸೋದರನೂ ಉಳಿಯಲಿಲ್ಲ. ಈತನು ೧೯೪೫ರ ಏಪ್ರಿಲ್ ೨೭ರಂದು ಬಿಡುಗಡೆ ಹೊಂದಿದನು. ಒಂಬತ್ತು ದಿನಗಳಲ್ಲಿ ಹೇಳಿ ಬರೆಯಿಸಿದ ಈತನ ಶಿಬಿರದ ಅನುಭವವು ೧೯೪೬ರಲ್ಲಿ ಪುಸ್ತಕವಾಗಿ ಹೊರಬಂದು ಲೋಕವಿಖ್ಯಾತವಾಯಿತು. ಏತಕ್ಕಾಗಿ ಬದುಕಬೇಕೆಂಬುದನ್ನು ಬಲ್ಲವನು ಹೇಗೋ ಬದುಕಿಯಾನು ಎಂಬುದು ಈತನ ಮತದ ತಾತ್ಪರ್ಯ. ಆದರೆ ಅರ್ಥಕ್ಕಾಗಿ ದುಃಖವು ಅನಿವಾರ್ಯವಲ್ಲವೆಂದೂ, ತಪ್ಪಿಸಬಹುದಾದ ದುಃಖವಿದ್ದರೆ ಅದರ ಕಾರಣವನ್ನು ನಿವಾರಿಸುವುದೇ ಅರ್ಥವತ್ತಾದ ಕಾರ್ಯವೆಂದೂ ಈತನು ಸ್ಪಷ್ಟವಾಗಿ ಎಚ್ಚರಿಸಿರುವನು. ನಮ್ಮ ಕೋಶಕಾರರು ‘ಅರ್ಥ’ ಶಬ್ದಕ್ಕೆ ಅಭಿಧೇಯವೆಂದೂ ಪ್ರಯೋಜನವೆಂದೂ ಅರ್ಥಗಳನ್ನು ಹೇಳಿರುವರಷ್ಟೆ. ಫ್ರಾಂಕ್ಲ್ ಹೇಳುವ ಅರ್ಥದಲ್ಲಿ ಇವೆರಡೂ ಕೂಡಿವೆ.

ಇತ್ತ ಚಿಕಿತ್ಸಾ ಮನಶ್ಶಾಸ್ತ್ರವೆಂಬ ವಿದ್ಯೆಯು ಬೇರೊಂದು ಬಾಗಿಲಿನಿಂದ ಬಂದಿತು. ೧೮೯೬ರಲ್ಲಿ ಅಮೆರಿಕಾದ ಫಿಲಡೆಲ್ಫಿಯಾದಲ್ಲಿ ಲೈಟ್ನರ್ ವಿಟ್ಮರ್ ಎಂಬಾತನ ಬಳಿಗೆ, ಅಕ್ಷರಗಳನ್ನು ಸರಿಯಾಗಿ ಕೂಡಿಸಿ ಬರೆಯಲಾರದ ಹುಡುಗನೊಬ್ಬನನ್ನು ಒಬ್ಬ ಉಪಾಧ್ಯಾಯಿನಿಯು ಕರೆದುತಂದಳು. ಮೊದಲ ಮನಶ್ಚಿಕಿತ್ಸಾಲಯವು ಆ ಶಾಲಾಬಾಲಕನಿಗಾಗಿ ತೆರೆಯಿತೆನ್ನಬಹುದು. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಸೈನಿಕರ ಶುಶ್ರೂಷೆಗೆ ತಜ್ಞರು ಸಾಲದೆ ಹೋದುದರಿಂದ ಅಮೆರಿಕಾ ಸರ್ಕಾರವು ತರಬೇತಿಗೆ ಧನಸಹಾಯವನ್ನಿತ್ತಿತು. ೧೯೪೯ರಲ್ಲಿ ಬೌಲ್ಡರ್ ನಗರದಲ್ಲಿ ಸೇರಿದ ಸಮ್ಮೇಳನವು, ಈ ವಿದ್ಯೆಯನ್ನು ಕಲಿತವನು ಚಿಕಿತ್ಸಕನೂ ಸಂಶೋಧಕನೂ ಆಗಿರತಕ್ಕದ್ದೆಂದು ನಿರ್ಣಯಿಸಿತು. ಪದವೀಧರರು ಇಂದು ಸಂಶೋಧನೆಯಲ್ಲಿ ತೊಡಗಿರುವುದಕ್ಕೆ ಈ ನಿರ್ಣಯವು ಮುಖ್ಯವಾದ ಬುನಾದಿ.

ಸಂಶೋಧನೆಗೆ ಅಳತೆ ಬೇಕು. ೧೯೬೪ರಲ್ಲಿ ಕ್ರಂಬಾ ಮತ್ತು ಮಹೋಲಿಕ್ ಎಂಬವರು ಫ್ರಾಂಕ್ಲ್‌ನ ವಿಚಾರವನ್ನು ೨೦ ಪ್ರಶ್ನೆಗಳ ಪರೀಕ್ಷೆಯಾಗಿ ಅಳವಡಿಸಿದರು. ೨೦೦೬ರಲ್ಲಿ ಮೈಕೆಲ್ ಸ್ಟೆಗರ್ ಮತ್ತು ಸಂಗಡಿಗರು ಹತ್ತು ವಾಕ್ಯಗಳ ಪತ್ರಿಕೆಯೊಂದನ್ನು ರಚಿಸಿ, ಅರ್ಥವನ್ನು ಪಡೆದಿರುವುದು ಬೇರೆ, ಅದನ್ನು ಅರಸುತ್ತಿರುವುದು ಬೇರೆ ಎಂದು ವಿಂಗಡಿಸಿದರು. ಆಘಾತಾನಂತರದ ಮನೋವ್ಯಾಧಿಗೆ ಅಮೆರಿಕಾದ ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿ ಈಗಿನ ಹೆಸರು ದೊರೆತದ್ದು ೧೯೮೦ರಲ್ಲಿ. ಚೇತರಿಕೆಯ ವಿಷಯದಲ್ಲಿ ಹವಾಯಿ ದ್ವೀಪಗಳ ಕವಾಯಿಯಲ್ಲಿ ನಡೆದ ಅಧ್ಯಯನವು ಪ್ರಸಿದ್ಧವಾದುದು. ೧೯೫೫ರಲ್ಲಿ ಅಲ್ಲಿ ಹುಟ್ಟಿದ ೬೯೮ ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಕಲಹ ಮೊದಲಾದ ಹಲವು ಕಷ್ಟಗಳ ನಡುವೆ ಬೆಳೆದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಸಮರ್ಥರಾದ, ದಯಾವಂತರಾದ ವಯಸ್ಕರಾದರು. ಇಂತಹವರ ಬಾಳಿನಲ್ಲಿ ಅಜ್ಜಿಯೋ, ನೆರೆಯವರೋ, ಉಪಾಧ್ಯಾಯರೋ ಒಬ್ಬರಾದರೂ ಕೈಬಿಡದೆ ನಿಂತಿದ್ದುದು ಕಂಡುಬಂದಿತು. ಚೇತರಿಕೆಯು ಒಬ್ಬನ ಎದೆಗಾರಿಕೆ ಮಾತ್ರವಲ್ಲ, ಪಕ್ಕದಲ್ಲಿ ನಿಂತವರ ಕೊಡುಗೆಯೂ ಹೌದು.

ಕರ್ಣಾಟಕಕ್ಕೂ ಈ ಇತಿವೃತ್ತದಲ್ಲಿ ಸ್ಥಾನವುಂಟು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿಯವರು, ೧೯೩೫ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಕೇಳಿಸಿದ ಮಹನೀಯರೂ ಇವರೇ. ೧೯೫೪ರಲ್ಲಿ ಬೆಂಗಳೂರಿನಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ, ಮುಂದಿನ ವರ್ಷವೇ ಚಿಕಿತ್ಸಾ ಮನಶ್ಶಾಸ್ತ್ರದ ತರಗತಿಯು ಆರಂಭವಾಯಿತು. ಈ ಸಂಸ್ಥೆಯೇ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ೧೯೮೪ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲವು ಹರಡಿದಾಗ, ನೊಂದವರ ಕಣ್ಣು ಶ್ವಾಸಕೋಶಗಳಂತೆ ಮನಸ್ಸಿಗೂ ಚಿಕಿತ್ಸೆ ಅವಶ್ಯಕವೆಂದು ತಿಳಿದು ಅಲ್ಲಿಯ ವೈದ್ಯರಿಗೆ ತರಬೇತಿ ನೀಡಲು ಡಾ. ಆರ್. ಶ್ರೀನಿವಾಸಮೂರ್ತಿಯವರು ಇಲ್ಲಿಂದ ಹೋದರು.

ಈ ಇತಿಹಾಸದಿಂದ ಎಳೆಯ ಸಂಶೋಧಕರು ಗ್ರಹಿಸತಕ್ಕುದು ಒಂದುಂಟು. ಹಿಂದೆ ಮುರಿದವನನ್ನು ಹೇಡಿಯೆಂದರು. ಇಂದು ಚೇತರಿಸಿಕೊಳ್ಳದವನನ್ನು ಚೇತರಿಕೆಯ ಶಕ್ತಿ ಸಾಲದವನೆಂದರೆ ಮಾತು ಬದಲಾಯಿತೇ ಹೊರತು ತೀರ್ಪು ಬದಲಾಗಲಿಲ್ಲ. ಹತ್ತು ವಾಕ್ಯಗಳ ಪತ್ರಿಕೆಯಲ್ಲಿ ಕಡಮೆ ಅಂಕ ಪಡೆದವನು ಅನುತ್ತೀರ್ಣನಲ್ಲ. ಬಹುಶಃ ಅವನು ರಿವರ್ಸ್ ಕಂಡ ಎರಡನೆಯ ಅಧಿಕಾರಿಯಂತಹವನು. ಅವನಿಗೆ ಬೇಕಾದುದು ಅರ್ಥದ ಉಪದೇಶವಲ್ಲ, ಶಾಂತವಾದ ಒಂದು ತಾವು ಮತ್ತು ತೊರೆಯದ ಒಂದು ಜೊತೆ. ಶಲ್ಯವನ್ನು ಹೊರತೆಗೆಯುವ ಶಸ್ತ್ರವೈದ್ಯನು ಅದು ಎಲ್ಲಿ ಹೊಕ್ಕಿದೆ, ಎಷ್ಟು ಆಳವಾಗಿದೆ ಎಂಬುದನ್ನು ಮೊದಲು ಮೆಲ್ಲನೆ ಮುಟ್ಟಿ ನೋಡುತ್ತಾನೆ. ಮನಸ್ಸಿನ ಶಲ್ಯವನ್ನು ಮುಟ್ಟುವ ಬೆರಳು ಕಿವಿಯೇ ಆಗಿದೆ.