ಹಳಿಯ ಮೇಲೊಂದು ಆಸ್ಪತ್ರೆ: ಮುಂಬೈಯ ಜೀವನ್‌ರೇಖಾ ಎಕ್ಸ್‌ಪ್ರೆಸ್

ಮುಂಬೈಯಲ್ಲಿ ಇರೋ ನಮಗೆ ರೈಲು ಅಂದ್ರೆ ಲೋಕಲ್. ಇವತ್ತು ನಾನು ಹೇಳ್ತಿರೋದು ಇದೇ ಊರಿನವರು ಕಟ್ಟಿದ ಇನ್ನೊಂದು ರೈಲಿನ ಕಥೆ. ಅದಕ್ಕೆ ಟಿಕೆಟ್ ಇಲ್ಲ, ಟೈಮ್‌ಟೇಬಲ್ಲೂ ಇಲ್ಲ. ಎಲ್ಲೋ ದೂರದ ಸಣ್ಣ ಸ್ಟೇಷನ್ನಿಗೆ ಹೋಗಿ ಪಕ್ಕದ ಹಳಿಯಲ್ಲಿ ಮೂರು ವಾರ ನಿಂತುಬಿಡುತ್ತೆ.

ರೈಲಿಗೂ ಮುಂಚೆ ಒಬ್ಬ ಕನ್ನಡಿಗರ ಹೆಸರು ಹೇಳಲೇಬೇಕು. ಡಾ. ಎಂ. ಸಿ. ಮೋದಿ, ಹುಟ್ಟಿದ್ದು 1916ರಲ್ಲಿ, ಬೀಳಗಿಯಲ್ಲಿ. ಆಗ ಬೀಳಗಿ ಇದ್ದದ್ದು ವಿಜಾಪುರ ಜಿಲ್ಲೆಯಲ್ಲಿ. ವಿಜಾಪುರ, ಬೆಳಗಾವಿ, ಧಾರವಾಡ ಎಲ್ಲವೂ ಬಾಂಬೆ ಪ್ರೆಸಿಡೆನ್ಸಿಗೆ ಸೇರಿದ್ದವು. ರೋಗಿ ಆಸ್ಪತ್ರೆಗೆ ಬರಲಾಗದಿದ್ದರೆ ಆಸ್ಪತ್ರೆಯೇ ರೋಗಿಯ ಊರಿಗೆ ಹೋಗಬೇಕು ಅನ್ನೋದನ್ನ 1940ರ ದಶಕದಿಂದಲೇ ಮಾಡಿ ತೋರಿಸಿದವರು ಅವರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಕಣ್ಣಿನ ಪೊರೆ ಆಪರೇಷನ್. 1993ರ ಫೆಬ್ರವರಿವರೆಗೆ ಒಟ್ಟು 6,10,564. ಗಿನ್ನೆಸ್ ಪುಸ್ತಕ ದಾಖಲಿಸಿದ ಲೆಕ್ಕ ಇದು. ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ಕಣ್ಣೊಳಗೆ ಲೆನ್ಸ್ ಕೂರಿಸುವ ಪದ್ಧತಿ ನಮ್ಮ ಹಳ್ಳಿಗಳಿಗೆ ಬಂದಿರಲಿಲ್ಲ. ಸೋಡಾ ಬಾಟ್ಲಿ ತಳದಂಥ ದಪ್ಪ ಕನ್ನಡಕ ಹಾಕ್ಕೊಂಡ ಅಜ್ಜ-ಅಜ್ಜಿಯರನ್ನ ನಿಮ್ಮಲ್ಲಿ ಹಲವರು ನೋಡಿರಬಹುದು.

ಈಗ ರೈಲಿಗೆ ಬರೋಣ. ಸರ್ ಜಾನ್ ವಿಲ್ಸನ್ ಅಂತ ಒಬ್ಬ ಇಂಗ್ಲಿಷರು. ಹನ್ನೆರಡನೇ ವಯಸ್ಸಿನಲ್ಲಿ, ಶಾಲೆಯ ರಸಾಯನಶಾಸ್ತ್ರ ತರಗತಿಯಲ್ಲಿ ಆದ ಸ್ಫೋಟದಲ್ಲಿ ಎರಡೂ ಕಣ್ಣು ಕಳಕೊಂಡವರು. ತಡೆಯಬಹುದಾದ ಅಂಗವೈಕಲ್ಯವನ್ನ ತಡೀಬೇಕು ಅಂತ ‘ಇಂಪ್ಯಾಕ್ಟ್’ ಚಳವಳಿ ಹುಟ್ಟುಹಾಕಿದರು. ಅದರ ಭಾರತದ ಶಾಖೆ 1983ರಲ್ಲಿ ಮುಂಬೈಯಲ್ಲಿ ಶುರುವಾಯಿತು, ಇಂಪ್ಯಾಕ್ಟ್ ಇಂಡಿಯಾ ಫೌಂಡೇಶನ್. ಅದನ್ನು ಬಹುಕಾಲ ನಡೆಸಿದವರು ಝೆಲ್ಮಾ ಲಾಜರಸ್. ಶಾಲೆಯ ಕೋಣೆಯಲ್ಲಿ ಶಿಬಿರ ಮಾಡಿದರೆ ಧೂಳು, ಕರೆಂಟು ಹೋಗೋದು, ಇವೆಲ್ಲ ಇದ್ದದ್ದೇ. ಹಾಗಾದ್ರೆ ಥಿಯೇಟರನ್ನೇ ಹೊತ್ತುಕೊಂಡು ಹೋದರೆ? ರಸ್ತೆ ಸರಿ ಇಲ್ಲದ ಕಡೆಗೂ ಬ್ರಿಟಿಷರ ಕಾಲದ ಹಳಿ ಇತ್ತಲ್ಲ. ರೈಲ್ವೆ ಬೋಗಿಗಳನ್ನ ಕೊಟ್ಟಿತು. 1991ರ ಜುಲೈ 16ರಂದು ಕೆಲಸ ಶುರು. ಮೊದಲು ಹೋಗಿ ನಿಂತದ್ದು ಖಲಾರಿಯಲ್ಲಿ. ಆಗ ಬಿಹಾರ, ಈಗ ಜಾರ್ಖಂಡ್; ಸಿಮೆಂಟು, ಕಲ್ಲಿದ್ದಲಿನ ಊರು.

ಒಳಗೆ ಎಸಿ, ಜನರೇಟರ್, ಉಪಕರಣ ಕ್ರಿಮಿಶುದ್ಧಿ ಮಾಡುವ ವ್ಯವಸ್ಥೆ, ಆಪರೇಷನ್ ಟೇಬಲ್ಲುಗಳು. ಕಣ್ಣಿನ ಪೊರೆ, ಕಿವಿ, ಸೀಳುತುಟಿ, ಪೋಲಿಯೋದಿಂದ ಸೊಟ್ಟಗಾದ ಕಾಲು, ಹೀಗೆ ಸರದಿ ಪ್ರಕಾರ. ಸರ್ಜನ್ನುಗಳು ತಮ್ಮ ಪ್ರಾಕ್ಟೀಸಿಗೆ ರಜೆ ಹಾಕಿ ಬರ್ತಾರೆ, ಫೀಸಿಲ್ಲ. ಡಾಕ್ಟರ ಹೆಸರು ಹೇಗೂ ಪೇಪರಲ್ಲಿ ಬರುತ್ತೆ. ರೋಗಿಗಳನ್ನ ಸಾಲಲ್ಲಿ ಕೂರಿಸೋರು, ಹೆದರಿದ ಮಗುವನ್ನ ಎತ್ತಿಕೊಳ್ಳೋರು, ಊಟ ಬಡಿಸೋರು ಆಯಾ ಊರಿನವರೇ. ನನ್ನ ಲೆಕ್ಕದಲ್ಲಿ ಅರ್ಧ ಆಸ್ಪತ್ರೆ ಅವರೇ. 2007ರಲ್ಲಿ ಐದು ಬೋಗಿಯ ಹೊಸ ರೈಲು ಬಂತು, 2016ರಲ್ಲಿ ಕ್ಯಾನ್ಸರ್ ತಪಾಸಣೆಗೂ ಜಾಗ ಮಾಡಿ ಏಳಾಯಿತು. ಇದೇ ಚಳವಳಿಯ ಬಾಂಗ್ಲಾದೇಶ ಶಾಖೆ 1999ರಲ್ಲಿ ನದಿಯ ಮೇಲೆ ‘ಜೀಬನ್ ತರಿ’ ಅನ್ನೋ ತೇಲುವ ಆಸ್ಪತ್ರೆ ಬಿಟ್ಟಿತು. ಅಲ್ಲಿ ಹಳಿಗಿಂತ ನೀರೇ ಹೆಚ್ಚು ತಾನೇ!

ಆದರೆ ಒಂದು ಪ್ರಶ್ನೆ ನನ್ನನ್ನ ಬಿಡೋದಿಲ್ಲ. ರೈಲು ಹೊರಟುಹೋದ ಮೇಲೆ, ಹತ್ತನೇ ದಿನ ಕಣ್ಣು ಕೆಂಪಾದರೆ ಆ ಅಜ್ಜಿ ಯಾರ ಹತ್ರ ಹೋಗಬೇಕು? ಆಪರೇಷನ್ನಾದ ಕಾಲಿಗೆ ತಿಂಗಳುಗಟ್ಟಲೆ ವ್ಯಾಯಾಮ ಯಾರು ಮಾಡಿಸ್ತಾರೆ? ಶಿಬಿರ ಅಂದ ಕೂಡಲೇ ಸಂಖ್ಯೆಯ ಹುಚ್ಚೂ ಹಿಡಿಯುತ್ತೆ. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಹತ್ತಿರ ಒಂದೇ ದಿನ 83 ಹೆಂಗಸರಿಗೆ ಸಂತಾನಹರಣ ಚಿಕಿತ್ಸೆ ಮಾಡಿದರು; ಅದಾದ ಮೇಲೆ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅದು ಸರ್ಕಾರದ ಶಿಬಿರ, ಈ ರೈಲಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ‘ಒಂದೇ ದಿನ ಇಷ್ಟು’ ಅಂತ ಕೇಳಿದಾಗ ಈಗ ನನಗೆ ಚಪ್ಪಾಳೆ ತಟ್ಟೋಕಾಗಲ್ಲ, ಅದು ತಿರುಪತಿಯ 833 ಆದರೂ ಸರಿ. ಮೋದಿಯವರ ಮೇಲಿನ ಗೌರವ ಕಡಿಮೆಯಾಗಿದೆ ಅಂತಲ್ಲ. ಅವರು ಹೋಗದಿದ್ದರೆ ಆ ಜನ ಕುರುಡರಾಗೇ ಉಳೀತಿದ್ದರು, ಅದೂ ನಿಜ.

ಇಂಪ್ಯಾಕ್ಟ್‌ನವರೂ ರೈಲಿನ ಜೊತೆಗೆ, ಒಂದೇ ಕಡೆ ನೆಲೆನಿಂತು ಮಾಡುವ ಕೆಲಸ ಹಿಡಿದರು. ಅದಕ್ಕೆ ಅವರು ದೂರ ಹೋಗಬೇಕಾಗಲಿಲ್ಲ. ನಮ್ಮ ಠಾಣೆ ಜಿಲ್ಲೆಯ ಆದಿವಾಸಿ ಹಳ್ಳಿಗಳನ್ನೇ ಆರಿಸಿಕೊಂಡು ತಾಯಿ-ಮಕ್ಕಳ ಆರೋಗ್ಯದ ಕೆಲಸ ಶುರುಮಾಡಿದರು. ಆ ಸೀಮೆಯ ಹೆಚ್ಚಿನ ಭಾಗ 2014ರಿಂದ ಪಾಲ್ಘರ್ ಜಿಲ್ಲೆ. ಅಲ್ಲಿನ ಜವ್ಹಾರ್ ತಾಲೂಕಿನ ವಾವರ್-ವಾಂಗಣಿಯಲ್ಲಿ 1990ರ ದಶಕದ ಆರಂಭದಲ್ಲಿ ಮಕ್ಕಳು ಅಪೌಷ್ಟಿಕತೆಯಿಂದ ಸತ್ತ ಸುದ್ದಿ ಮಹಾರಾಷ್ಟ್ರವನ್ನೇ ಅಲ್ಲಾಡಿಸಿತ್ತು. ಆಸ್ಪತ್ರೆ ರೈಲು ಬಿಹಾರ ಮುಟ್ಟಿದ್ದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಜವ್ಹಾರಿಗೂ ಪಕ್ಕದ ಮೊಖಾಡಾಕ್ಕೂ ಹಳಿ ಇಲ್ಲ. ನಮ್ಮ ಲೋಕಲ್ ಕಸಾರಾಕ್ಕೆ ಮುಗಿಯುತ್ತೆ. ಮುಂದೆ ಘಾಟಿನ ರಸ್ತೆ, ಜೀಪು, ಆಮೇಲೆ ಕಾಲ್ನಡಿಗೆ.