ಒಂದೇ ಖೋಲಿ, ಎರಡು ಶಿಫ್ಟ್: 1983ರ ಲ್ಯಾಪ್‌ಟಾಪ್‌ನ ರಾಮ್ ಚಿಪ್ ಕಥೆ

ಇದು ಈ ವಾರದ ವಿಡಿಯೋದ ಬರಹ ರೂಪ. ನೋಡೋಕೆ ಟೈಮ್ ಇಲ್ಲದವರು ಲೋಕಲ್ ಟ್ರೈನ್‌ನಲ್ಲಿ ನಿಂತುಕೊಂಡೇ ಓದಬಹುದು.

ಕಾಲೇಜಿನ 8085 ಲ್ಯಾಬ್ ನೆನಪಿದೆಯಾ? ಊರಲ್ಲಿ ಓದಿದವರಿಗೆ ಬೆಂಗಳೂರಿನ ಇಎಸ್‌ಎ ಕಿಟ್ ಗೊತ್ತಿರುತ್ತೆ, ಇಲ್ಲೇ ಓದಿದವರಿಗೆ ಮುಂಬೈನ ಡೈನಾಲಾಗ್ ಕಿಟ್. ಹೆಕ್ಸ್ ಕೀಲಿ ಒತ್ತಿದೆವು, ಎರಡು ಸಂಖ್ಯೆ ಕೂಡಿಸಿದೆವು, ಮಾರ್ಕ್ಸ್ ತಗೊಂಡು ಮರೆತೆವು. ಅದೇ 8085ರಲ್ಲಿ ಒಂದು ಜನಪ್ರಿಯ ಲ್ಯಾಪ್‌ಟಾಪ್ ಕೂಡ ಓಡುತ್ತಿತ್ತು.

1983ರಲ್ಲಿ ಬಂದ ಟಿಆರ್‌ಎಸ್-80 ಮಾಡೆಲ್ 100. ತಯಾರಿಸಿದ್ದು ಜಪಾನಿನ ಕ್ಯೋಸೆರಾ, ಅಮೆರಿಕದಲ್ಲಿ ಮಾರಿದ್ದು ರೇಡಿಯೊ ಶಾಕ್. ನಾಲ್ಕು ಪೆನ್‌ಸೆಲ್, 8 ಸಾಲಿನ ಪರದೆ, ಸಾಲಿಗೆ 40 ಅಕ್ಷರ. ಸುದ್ದಿಯನ್ನು ಫೋನ್ ಲೈನ್ ಮೇಲೆ ಕಳಿಸಬಹುದು ಅಂತ ಪತ್ರಕರ್ತರಿಗೆ ಅಚ್ಚುಮೆಚ್ಚು. ಅದರ ಸಾಫ್ಟ್‌ವೇರ್‌ನಲ್ಲಿ ಬಿಲ್ ಗೇಟ್ಸ್ ಸ್ವತಃ ಬರೆದ ಕೋಡ್ ಇದೆ.

ಈಗ ವಿಷಯಕ್ಕೆ ಬರೋಣ. 8085ಕ್ಕೆ 16 ವಿಳಾಸ ತಂತಿ, ಅಂದರೆ ಒಟ್ಟು 64 ಕೆಬಿ ಜಾಗ. ಮಾಡೆಲ್ 100ರಲ್ಲಿ ಮೇಲಿನ 32 ಕೆಬಿ ರ‍್ಯಾಮ್‌ಗೆ, ಕೆಳಗಿನ 32 ಕೆಬಿ ರಾಮ್‌ಗೆ, ಅಂದರೆ ಓದಲಷ್ಟೇ ಬರುವ ಚಿಪ್‌ಗೆ. ಹೊಸ ಪ್ರೋಗ್ರಾಮ್‌ಗೆ ಜಾಗ ಎಲ್ಲಿ? ಗಿರಣಗಾಂವ್‌ನ ಚಾಳುಗಳಲ್ಲಿ ಗಿರಣಿ ಕಾರ್ಮಿಕರು ಒಂದೇ ಖೋಲಿಯನ್ನು ಶಿಫ್ಟ್ ಪ್ರಕಾರ ಹಂಚಿಕೊಳ್ಳುತ್ತಿದ್ದರಲ್ಲ, ಇಲ್ಲೂ ಅದೇ ಉಪಾಯ. ಯಂತ್ರದ ತಳದ ಮುಚ್ಚಳ ತೆಗೆದರೆ ಎರಡನೇ ರಾಮ್‌ಗೆ ಸಾಕೆಟ್ ಇದೆ. ಬೇಸಿಕ್‌ನಲ್ಲಿ ‘ಕಾಲ್ 63012’ ಅಂತ ಟೈಪಿಸಿದರೆ ಮೊದಲಿನವನು ಎದ್ದು ಹೊರಗೆ, ಹೊಸಬ ಅದೇ ವಿಳಾಸದಲ್ಲಿ ಹಾಜರ್. ಟ್ರಾವೆಲಿಂಗ್ ಸಾಫ್ಟ್‌ವೇರ್‌ನ ಅಲ್ಟಿಮೇಟ್ ರಾಮ್, ಪಿಸಿಎಸ್‌ಜಿಯ ಸೂಪರ್ ರಾಮ್ ಬಂದದ್ದು ಹೀಗೇ.

ತೊಡಕು ಸಾಕೆಟ್‌ನಲ್ಲಿದೆ. ಅದಕ್ಕೆ 28 ಪಿನ್. ಲ್ಯಾಮಿಂಗ್ಟನ್ ರೋಡ್ ಥರದ ಮಾರುಕಟ್ಟೆಯ ಮಾಮೂಲಿ 27ಸಿ256 ಚಿಪ್‌ಗೂ 28 ಪಿನ್, ಅದೂ 32 ಕೆಬಿ. ಆದರೆ ಪಿನ್‌ಗಳ ಕ್ರಮ ಬೇರೆ. ನೇರ ಚುಚ್ಚಿದರೆ ಕೆಲಸ ಮಾಡಲ್ಲ. ಅದಕ್ಕೇ ಅಡಾಪ್ಟರ್ ಬೇಕು: ಬೆರಳುದ್ದದ ಒಂದು ಬೋರ್ಡ್, ಪ್ರತಿ ತಂತಿಯನ್ನು ಸರಿಯಾದ ಪಿನ್‌ಗೆ ತಿರುಗಿಸುತ್ತೆ, ಅಷ್ಟೇ. ಹಳೇ ಚಿಪ್ ಓದುವಾಗಲೂ ಇದೇ ಮಾತು. ಪಿನ್ ನಕ್ಷೆ ಇಲ್ಲದೆ ರೀಡರ್‌ಗೆ ಹಾಕಿದರೆ ಕಸ ಬರುತ್ತೆ. ‘ಚಿಪ್ ಸತ್ತಿದೆ’ ಅಂತ ಎಸೆಯುತ್ತೇವೆ. ಸತ್ತಿರೋದಿಲ್ಲ, ನಾವು ಕೇಳಿದ ರೀತಿ ತಪ್ಪು.

ಮಾಡೆಲ್ 100ರ ರಾಮ್‌ಗಳನ್ನು ಅದರ ಅಭಿಮಾನಿಗಳು ಓದಿ ಉಳಿಸಿಕೊಂಡಿದ್ದಾರೆ. ನನ್ನ ಚಿಂತೆ ನಮ್ಮ ಲ್ಯಾಬ್ ಕಿಟ್‌ಗಳದ್ದು. ಆನ್ ಮಾಡಿದ ತಕ್ಷಣ 0000 ವಿಳಾಸದಿಂದ ಓಡುವ ಮಾನಿಟರ್ ಪ್ರೋಗ್ರಾಮ್ ಇರೋದು ಅವುಗಳ ಇಪ್ರಾಮ್‌ನಲ್ಲೇ. ಇಪ್ರಾಮ್ ಬಿಟ್‌ಗಳನ್ನು ಹಿಡಿದಿಡುವುದು ವಿದ್ಯುದಾವೇಶ, ಅದು ವರ್ಷಗಳು ಕಳೆದಂತೆ ಸೋರುತ್ತೆ. ಗಾಜಿನ ಕಿಟಕಿ ಮೇಲಿನ ಸ್ಟಿಕ್ಕರ್ ಕಿತ್ತು ಬಿಸಿಲಿಗೆ ಬಿಟ್ಟರೆ ಇನ್ನೂ ಬೇಗ ಅಳಿಯುತ್ತೆ. ಕಾಲೇಜುಗಳು ಕಿಟ್‌ಗಳನ್ನು ಗುಜರಿಗೆ ಹಾಕಿದರೆ, ಒಂದು ಕಾಲದಲ್ಲಿ ನಮ್ಮ ಇಂಜಿನಿಯರುಗಳು ಬರೆದ ಕೋಡ್ ಕೂಡ ತೂಕದ ಲೆಕ್ಕದಲ್ಲಿ ಹೋಗುತ್ತೆ.

ಹಾಗಾಗಿ ಊರಿನ ಅಟ್ಟದಲ್ಲೋ ಹಳೇ ಕಾಲೇಜಿನ ಕಪಾಟಿನಲ್ಲೋ ಇಂಥ ಬೋರ್ಡ್ ಸಿಕ್ಕರೆ, ಮೊದಲು ಕಿಟಕಿ ಮುಚ್ಚಿ. ಚಿಪ್ ಮೇಲಿನ ನಂಬರ್ ಫೋಟೋ ತೆಗೀರಿ. ಪಿನ್ ನಕ್ಷೆ ಹುಡುಕಿ. ಮೂರು ಸಲ ಓದಿ, ಮೂರೂ ಫೈಲ್ ಒಂದೇ ಇದೆಯಾ ನೋಡಿ. ಆಮೇಲೆ ಗುಜರಿಯವನನ್ನು ಕರೆಯಿರಿ.

ಮುಂದಿನ ವಾರ ಸಿಗೋಣ.